ರಕ್ತದ ಎಕ್ಸೋಸೋಮ್ ಟೆಸ್ಟ್ ಮಾಡಿಸಿದ್ರೆ ಅಮ್ಮನಿಗೆ ಮ್ಯಾಮೋಗ್ರಾಮ್ ಬೇಡ್ವಾ?

ಬದಿಯಡ್ಕದವಳು:
ಅಮ್ಮನಿಗೆ ಎರಡು ವರ್ಷದ ಹಿಂದೆ ಸ್ತನದ ಕ್ಯಾನ್ಸರ್ ಆಗಿ ಮಂಗಳೂರಲ್ಲಿ ಆಪರೇಶನ್ ಆಯ್ತು, ಗಡ್ಡೆ ಮಾತ್ರ ತೆಗ್ದದ್ದು, ರೇಡಿಯೇಶನ್ ಆಯ್ತು, ಹರ್-2 ಪಾಸಿಟಿವ್, ಅಂದ್ರೆ ಗಡ್ಡೆಯಲ್ಲಿ ಹರ್-2 ಅನ್ನುವ ಪ್ರೋಟೀನ್ ಜಾಸ್ತಿ ಉಂಟು ಅಂತ ಹೇಳಿ ಒಂದು ವರ್ಷ ಅದರ ಮದ್ದು ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ನೂ ಆಯ್ತು. ಈಗ ಹುಷಾರಿದ್ದಾರೆ. ವರ್ಷಕ್ಕೊಮ್ಮೆ ಮ್ಯಾಮೋಗ್ರಾಮ್‌ಗೆ, ಅಂದ್ರೆ ಸ್ತನದ ಎಕ್ಸ್‌ರೇಗೆ, ಬರ್ಲಿಕ್ಕೆ ಹೇಳಿದ್ದಾರೆ ಆದ್ರೆ ಆ ಮೆಷಿನ್ ಒತ್ತುವಾಗ ತುಂಬಾ ನೋವು ಅಂತ ಅಮ್ಮ ಒಪ್ಪುದೇ ಇಲ್ಲ. ಮೊನ್ನೆ ಸಂಬಂಧಿಕರೊಬ್ರು ಎಕ್ಸೋಸೋಮ್ ಟೆಸ್ಟ್ ಬಗ್ಗೆ ಮಲಯಾಳಂ ಮೆಸೇಜ್ ಕಳ್ಸಿದ್ರು, ರಕ್ತ ಕೊಟ್ರೆ ಸಾಕಂತೆ. ನಂಗೆ ಮಲಯಾಳಂ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಕಷ್ಟ. ಇದೆಂತದು, ನಂಬ್ಬಹುದಾ?

ಲ್ಯಾಬ್‌ನವ, ಮಂಜೇಶ್ವರ:
ವಿಷಯ ಸುಳ್ಳಲ್ಲ ಅಕ್ಕ. ನಮ್ಮ ಜೀವಕೋಶಗಳು ಕೊಬ್ಬಿನ ಪೊರೆಯಲ್ಲಿ ಸಾಮಾನು ಸುತ್ತಿ ಸಣ್ಣ ಸಣ್ಣ ಪೊಟ್ಟಣ ಹೊರಗೆ ಬಿಡ್ತಾ ಇರ್ತವೆ, 30ರಿಂದ 150 ನ್ಯಾನೋಮೀಟರ್ ಅಷ್ಟೆ, ಅದೇ ಎಕ್ಸೋಸೋಮ್. ಒಳಗೆ ಪ್ರೋಟೀನು, ಆರ್‌ಎನ್‌ಎ (ಜೀನಿನ ಸಂದೇಶ ಸಾಗಿಸುವ ಅಣು) ಎಲ್ಲ ಉಂಟು. ಬರೀ ಆರ್‌ಎನ್‌ಎ ರಕ್ತಕ್ಕೆ ಬಿದ್ರೆ ಕಿಣ್ವಗಳು ಬೇಗ ತುಂಡು ಮಾಡಿ ಹಾಕ್ತವೆ, ಪೊಟ್ಟಣದೊಳಗಿದ್ರೆ ಉಳೀತದೆ, ಹಾಗಾಗಿಯೇ ಸಂಶೋಧಕರು ಇದರ ಹಿಂದೆ ಬಿದ್ದದ್ದು. ಸ್ತನ ಕ್ಯಾನ್ಸರ್ ಇದ್ದವರ ಪೊಟ್ಟಣದಲ್ಲಿ ಮೈಕ್ರೋ ಆರ್‌ಎನ್‌ಎ-21 ಅನ್ನುವ ಪುಟ್ಟ ಆರ್‌ಎನ್‌ಎ ಜಾಸ್ತಿ ಇರುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ನಿಮ್ಮಮ್ಮನ ಥರದ ಗಡ್ಡೆ ಬಿಡುವ ಪೊಟ್ಟಣದ ಮೇಲೆ ಹರ್-2 ಕೂಡ ಇರ್ತದೆ, ಟ್ರಾಸ್ಟುಜುಮ್ಯಾಬ್ ಹೋಗಿ ಅದಕ್ಕೂ ಅಂಟುದನ್ನು ಲ್ಯಾಬಲ್ಲಿ ನೋಡಿದ್ದಾರೆ. 2015ರಲ್ಲಿ ಇನ್ನೊಂದು ದೊಡ್ಡ ಕೆಲಸ ಬಂತು, ಪೊಟ್ಟಣದ ಹೊರಗಿನ ಇಂಟಿಗ್ರಿನ್ ಅನ್ನುವ ಪ್ರೋಟೀನ್ ಯಾವುದು ಅಂತ ನೋಡಿ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡ್ತದಾ ಲಿವರ್‌ಗಾ ಅಂತ ಹೇಳ್ಬಹುದು ಅಂತ. ಓದಿದಾಗ ನಂಗೆ ಮೈ ಜುಂ ಅಂದಿತ್ತು.

ಆದ್ರೆ ತೊಂದರೆ ಎಂತ ಅಂದ್ರೆ ಆರೋಗ್ಯವಾಗಿರುವ ಕೋಶಗಳೂ ಪೊಟ್ಟಣ ಬಿಡ್ತವೆ, ರಕ್ತದ ಪ್ಲೇಟ್‌ಲೆಟ್ ಅಂತೂ ರಾಶಿ ಬಿಡ್ತವೆ, ಅದರೊಳಗೆ ಕ್ಯಾನ್ಸರಿನದ್ದು ಹುಡುಕುದು ಅಂದ್ರೆ ಮಾತಲ್ಲ. ಆ ಮೈಕ್ರೋ ಆರ್‌ಎನ್‌ಎ-21 ಬೇರೆ ಕ್ಯಾನ್ಸರಲ್ಲೂ ಉರಿಯೂತದಲ್ಲೂ ಏರ್ತದೆ. ಪೊಟ್ಟಣ ಬೇರ್ಪಡಿಸುವ ಕ್ರಮ ಲ್ಯಾಬಿಂದ ಲ್ಯಾಬಿಗೆ ಬೇರೆ, ಹಾಗಾಗಿ ರಿಸಲ್ಟೂ ಬೇರೆ. ಮ್ಯಾಮೋಗ್ರಾಮ್ ಬಿಟ್ಟು ಇದನ್ನು ಮಾಡ್ಸಿ ಅಂತ ಯಾರು ಹೇಳಿದ್ರೂ ದಯವಿಟ್ಟು ಒಪ್ಬೇಡಿ.

ಪೆರ್ಲದಿಂದ:
ನಾನೂ ಈ ದಾರಿಯಲ್ಲೇ ಬಂದವಳು ತಂಗಿ. ಆಪರೇಶನ್ ಆದ ಬದಿ ರೇಡಿಯೇಶನ್ ಆದ್ಮೇಲೆ ಗಟ್ಟಿಯಾಗಿ ನೋವು ಜಾಸ್ತಿ ಇರ್ತದೆ, ಅಮ್ಮ ಸುಮ್ಮನೆ ಹೇಳುದಲ್ಲ. ಒತ್ತುವ ಮೊದಲೇ ಟೆಕ್ನೀಶಿಯನ್ ಹತ್ರ ಹೇಳಿ, ನಿಧಾನ ಮಾಡ್ತಾರೆ, ಒತ್ತಿ ಹಿಡಿಯುದು ಕೆಲವೇ ಸೆಕೆಂಡು. ಮೊದಲು ನೋವಿನ ಮಾತ್ರೆ ತಗೊಳ್ಬಹುದಾ ಅಂತ ಡಾಕ್ಟ್ರ ಹತ್ರ ಕೇಳಿ, ನಂಗೆ ಕೊಟ್ಟಿದ್ರು.

ಬದಿಯಡ್ಕದವಳು:
ಇಬ್ರಿಗೂ ತುಂಬಾ ಉಪಕಾರ ಆಯ್ತು, ಅಮ್ಮನಿಗೆ ಓದಿ ಹೇಳಿದೆ. ಅವರದ್ದು ಒಂದೇ ಪ್ರಶ್ನೆ, ಟೆಕ್ನೀಶಿಯನ್ ಹೆಂಗಸರಾ ಅಂತ.

ಪೆರ್ಲದಿಂದ:
ನಂಗೆ ಮಾಡಿದ್ದು ಹೆಂಗಸರೇ. ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಹೇಳಿಡಿ.