ಏಳನೆಯವರು ಎರಡನೆಯವರಿಗೆ ಓದಿಸಿದರೆ ಕಲಿಯುವವರು ಯಾರು?

ಕೂಡ್ಲಿಗಿ ಕಡೆಯ ಶಿಕ್ಷಕಿ
ನಮ್ಮದು ಚಿಕ್ಕ ಸರ್ಕಾರಿ ಶಾಲೆ. ಈ ವರ್ಷ ವಾರಕ್ಕೆ ಮೂರು ದಿನ, ಬಿಸಿಯೂಟದ ನಂತರ ಅರ್ಧ ಗಂಟೆ, ಏಳನೆಯ ತರಗತಿಯವರು ಎರಡನೆಯವರ ಪಕ್ಕದಲ್ಲಿ ಕುಳಿತು ಓದಿಸುತ್ತಾರೆ. ಓದಿನಲ್ಲಿ ಹಿಂದುಳಿದ ಒಬ್ಬ ಹುಡುಗನನ್ನೂ ಬೇಕೆಂದೇ ಸೇರಿಸಿದೆ. ಮೊದಲ ವಾರವೇ ಪುಟ್ಟ ಹುಡುಗಿಯೊಬ್ಬಳು ‘ಸೂರ್ಯ’ ಎಂಬ ಪದದ ಮೇಲೆ ಬೆರಳಿಟ್ಟು, “ಅಣ್ಣಾ, ಕೊನೆಗೆ ಬರೆದದ್ದನ್ನು ಮೊದಲೇ ಏಕೆ ಓದಬೇಕು?” ಎಂದು ಕೇಳಿದಳು. ಅರ್ಕಾವತ್ತನ್ನು ಅವನು ಇಷ್ಟು ವರ್ಷ ಅಂದಾಜಿನಲ್ಲೇ ದಾಟಿಕೊಂಡು ಬಂದಿದ್ದ. ಉತ್ತರ ಹೊಳೆಯಲಿಲ್ಲ. ಸಂಜೆ ನನ್ನ ಮೇಜಿನ ಬಳಿ ಬಂದು ನಿಂತ. ಅವನಾಗಿಯೇ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಮರುದಿನ ಸರ್ಪ, ಕಾರ್ಯ, ವರ್ಷ ಎಂದು ತಾನೇ ಪಟ್ಟಿ ಮಾಡಿಕೊಂಡು ಬಂದಿದ್ದ! ಆದರೆ “ನನ್ನ ಮಗಳು ಕಲಿಯಲು ಬಂದವಳು, ಕಲಿಸಲು ಅಲ್ಲ” ಎಂದು ಪೋಷಕರೊಬ್ಬರು ಆಕ್ಷೇಪಿಸಿದ್ದಾರೆ. ನೀವೇನು ಹೇಳುತ್ತೀರಿ?

ಇಬ್ಬರು ಮಕ್ಕಳ ತಾಯಿ
ಮೇಡಂ, ಆ ಹುಡುಗನ ವಿಷಯ ಓದಿ ಸಂತೋಷವಾಯಿತು. ಆದರೂ ನಾನು ಆಕ್ಷೇಪಿಸಿದವರ ಕಡೆಗೇ. ನನ್ನ ಮಗಳು ಆರನೆಯ ತರಗತಿಯಲ್ಲಿದ್ದಾಗ, ಶಿಕ್ಷಕರು ರಜೆ ಹಾಕಿದ ದಿನವೆಲ್ಲ ಅವಳನ್ನು ಒಂದನೆಯ ತರಗತಿಗೆ ಕಳುಹಿಸುತ್ತಿದ್ದರು. ಗದ್ದಲ ಮಾಡಿದವರ ಹೆಸರನ್ನು ಕಪ್ಪು ಹಲಗೆಯ ಮೇಲೆ ಬರೆಯುವುದೇ ಕೆಲಸ. ಆ ವರ್ಷ ಅವಳಿಗೆ ಭಿನ್ನರಾಶಿ ತಲೆಗೆ ಹತ್ತಲಿಲ್ಲ, ಗದರುವುದು ಮಾತ್ರ ಚೆನ್ನಾಗಿ ಬಂತು. ಮನೆಯಲ್ಲಿ ತಮ್ಮನ ಮೇಲೂ ಅದೇ ದನಿ. ಚುರುಕಾದ ಹೆಣ್ಣುಮಕ್ಕಳ ಹೆಗಲಿಗೇ ಇದು ಏಕೆ ಬೀಳುತ್ತದೆ?

ಹಳೆಯ ಕಡತ
ಮೇಡಂ, ಇದಕ್ಕೆ ನಿಮ್ಮ ಸೀಮೆಯದೇ ದಾಖಲೆಯಿದೆ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಮದ್ರಾಸಿಗೆ ವರದಿ ಕಳುಹಿಸಿದ. ಜಿಲ್ಲೆಯಲ್ಲಿ 533 ಶಾಲೆಗಳು, ಅವುಗಳಲ್ಲಿ ಕನ್ನಡದವು 235. ಮುಂದುವರಿದ ಮಕ್ಕಳು ಹಿಂದಿನವರಿಗೆ ಕಲಿಸುತ್ತಾ ತಮ್ಮ ವಿದ್ಯೆಯನ್ನೂ ಗಟ್ಟಿ ಮಾಡಿಕೊಳ್ಳುವ ಕ್ರಮ ಮೆಚ್ಚತಕ್ಕದ್ದು, ಇಂಗ್ಲೆಂಡ್ ಇದನ್ನು ಅನುಸರಿಸಿದ್ದು ಸರಿಯೇ ಎಂದು ಬರೆದ. ಅದಕ್ಕೂ ಮೊದಲು ಮದ್ರಾಸಿನ ಎಗ್ಮೋರಿನ ಅನಾಥಾಲಯದಲ್ಲಿ ಅದರ ಮೇಲ್ವಿಚಾರಕ ಆ್ಯಂಡ್ರೂ ಬೆಲ್, ಊರ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು, ಅಕ್ಷರ ಕಲಿಸುವ ಹೊಣೆಯನ್ನು ಎಂಟು ವರ್ಷದ ಹುಡುಗನಿಗೆ ಒಪ್ಪಿಸಿದ್ದ. 1797ರಲ್ಲಿ ಅವನ ವರದಿ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮ ಕೂಲಿಮಠದ, ಅಂದರೆ ಹಳೆಯ ಕಾಲದ ಊರ ಶಾಲೆಯ, ಬುದ್ಧಿಯೇ ಹಡಗು ಹತ್ತಿ ಹೋಯಿತು ಎನ್ನಲು ನನಗೆ ಹೆಮ್ಮೆ.

ಇಬ್ಬರು ಮಕ್ಕಳ ತಾಯಿ
ಹೆಮ್ಮೆ ಇರಲಿ ಸರ್. ಆ 533 ಶಾಲೆಗಳಲ್ಲಿ ಹೆಣ್ಣುಮಕ್ಕಳು ಎಷ್ಟು?

ಹಳೆಯ ಕಡತ
ಒಟ್ಟು 6,641 ಮಕ್ಕಳಲ್ಲಿ 60. ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಇನ್ನೊಂದನ್ನೂ ಮುಚ್ಚಿಡಬಾರದು. ಮಕ್ಕಳು ಅರ್ಥ ತಿಳಿಯದೆ ಪದ್ಯಗಳನ್ನು ಉರು ಹೊಡೆಯುತ್ತಾರೆಂದು ಅದೇ ವರದಿ ದೂರುತ್ತದೆ. ಇಂಗ್ಲೆಂಡಿನಲ್ಲಿಯೂ ಇದೇ ಕ್ರಮವನ್ನು ಹರಡಿದ ಲ್ಯಾಂಕಾಸ್ಟರ್ ಅವರಂಥವರ ಶಾಲೆಗಳಲ್ಲಿ, ನೂರಾರು ಮಕ್ಕಳಿಗೆ ಒಬ್ಬನೇ ಮೇಷ್ಟ್ರು ಸಾಕು ಎಂಬ ಅಗ್ಗದ ಲೆಕ್ಕವೇ ಮುಂದೆ ಬಂತು.

ನಿವೃತ್ತ ಮೇಷ್ಟ್ರು
ಅಮ್ಮಾ, ನಿಮ್ಮ ಮಗಳಿಗೆ ಆದದ್ದು ಅನ್ಯಾಯ. ಅದು ಕಲಿಸುವುದಲ್ಲ, ಕಾವಲು. ನಾನು ನಲಿಕಲಿ, ಅಂದರೆ ಚಟುವಟಿಕೆಗಳ ಮೂಲಕ ನಲಿಯುತ್ತಾ ಕಲಿಯುವ ತರಗತಿ ನಡೆಸಿದವನು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಆ ಪದ್ಧತಿಯಲ್ಲಿ ಒಂದರಿಂದ ಮೂರನೆಯವರೆಗಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಶಿಕ್ಷಕರ ನೆರವಿನ ಗುಂಪಿನ ಹಾಗೆಯೇ ಗೆಳೆಯರ ನೆರವಿನ ಗುಂಪೂ ಇರುತ್ತದೆ. ಅಲ್ಲಿ ನೆರವಾಗುವ ಮಗುವೂ ಮರುಗಳಿಗೆ ತನ್ನ ಕಲಿಕಾ ಏಣಿಯ (ಹಂತ ಹಂತವಾಗಿ ಜೋಡಿಸಿದ ಪಾಠಗಳ) ಮೆಟ್ಟಿಲಿಗೆ ಮರಳಲೇಬೇಕು. ಮೇಡಂ, ಎರಡನ್ನು ಬಿಡಬೇಡಿ. ಆ ಅರ್ಧ ಗಂಟೆ ನೀವು ಅದೇ ಕೋಣೆಯಲ್ಲಿರಬೇಕು. ತಪ್ಪು ಕಲಿಸಿದರೆ ಪುಟ್ಟವರೆದುರು ತಿದ್ದದೆ, ಆಮೇಲೆ ಕರೆದು ಹೇಳಬೇಕು. ಒಮ್ಮೆ ನಾನು ಎಲ್ಲರೆದುರು ತಿದ್ದಿದೆ. ಆ ಮಗು ಮತ್ತೆ ಯಾರಿಗೂ ಓದಿಸಲಿಲ್ಲ, ನನಗದು ಇಂದಿಗೂ ನೋವು.

ಕೂಡ್ಲಿಗಿ ಕಡೆಯ ಶಿಕ್ಷಕಿ
ಕೋಣೆಯಲ್ಲಿ ಇರುತ್ತೇನೆ ಮೇಷ್ಟ್ರೇ. ಆದರೆ ಅಂಕಪಟ್ಟಿ ತುಂಬುತ್ತಾ ಕುಳಿತಿರುತ್ತೇನೆ, ಅದು ಇರುವಿಕೆಯಲ್ಲ ಎಂದು ಈಗ ಅನ್ನಿಸುತ್ತಿದೆ. ಗುರುವಾರ ಆ ಪೋಷಕರನ್ನು ಕರೆದು ಅರ್ಧ ಗಂಟೆ ಕೂರಿಸುತ್ತೇನೆ.

ಇಬ್ಬರು ಮಕ್ಕಳ ತಾಯಿ
ಕರೆಯಿರಿ. ಆದರೆ ಮೊದಲು ಅವರ ಮಗಳ ಗಣಿತದ ನೋಟ್‌ಬುಕ್ ತೆರೆದು, ಈ ಮೂರು ತಿಂಗಳಲ್ಲಿ ಅವಳು ಎಲ್ಲಿಗೆ ಬಂದಿದ್ದಾಳೆ ಎಂದು ತೋರಿಸಿ. ನನಗೆ ಯಾರೂ ತೋರಿಸಲಿಲ್ಲ.