ಮಲ್ಲೇಶ್ವರದ ಹಳೇ ಮನೆ, ಹದಿನಾಲ್ಕು ತೇಗದ ಕಿಟಕಿ: ಉಳಿಸೋದಾ, ಕೀಳಿಸೋದಾ?

ಹದಿನಾಲ್ಕು_ಕಿಟಕಿ:
ಎಲ್ಲರಿಗೂ ನಮಸ್ಕಾರ. ಮಲ್ಲೇಶ್ವರದಲ್ಲಿ ನಮ್ಮ ತಾತ ಕಟ್ಟಿಸಿದ ಮನೆ ಇದೆ. ಮುಂಬಾಗಿಲ ಮೇಲೆ ಗಾರೆಯಲ್ಲಿ 1927 ಅಂತ ಬರೆದಿದೆ. ಒಟ್ಟು ಹದಿನಾಲ್ಕು ಕಿಟಕಿ, ಎಲ್ಲ ತೇಗ. ಬೀದಿ ಕಡೆಯ ನಾಲ್ಕಕ್ಕೆ ಮಂಕಿ ಟಾಪ್ ಇದೆ. ಕಿಟಕಿ ಮೇಲೆ ಮುಂದಕ್ಕೆ ಚಾಚಿಕೊಂಡಿರುವ, ಮರದ ಪಟ್ಟಿಗಳ ಚೂಪು ಟೋಪಿ. ಹಳೇ ಬೆಂಗಳೂರಿನವರಿಗೆ ಹೇಳಬೇಕಿಲ್ಲ.

ಈಗ ಅವುಗಳ ಗೋಳು ಕೇಳಿ. ಮಳೆಗಾಲದಲ್ಲಿ ಆರು ಕಿಟಕಿ ತೆಗೆಯೋಕೇ ಆಗುವುದಿಲ್ಲ. ಬೇಸಿಗೆಯಲ್ಲಿ ಅವೇ ಗಾಳಿಗೆ ಗಡಗಡ ಅನ್ನುತ್ತವೆ, ಅಮ್ಮ ಪೇಪರ್ ಮಡಿಸಿ ಸಂದಿಗೆ ಸಿಕ್ಕಿಸುತ್ತಾರೆ. ಪಡುವಣದ ಕಡೆಯ ಎರಡು ಕಿಟಕಿಗಳ ಚೌಕಟ್ಟು ಬುಡದಲ್ಲಿ ಎಷ್ಟು ಮೆತ್ತಗಾಗಿದೆ ಅಂದರೆ ಸ್ಕ್ರೂಡ್ರೈವರ್ ಒತ್ತಿದರೆ ಹಳೇ ರಸ್ಕಿನ ಹಾಗೆ ಉದುರುತ್ತದೆ. ಮೇಲೆ ಎಷ್ಟು ಕೋಟ್ ಪೇಂಟ್ ಇದೆಯೋ ದೇವರಿಗೇ ಗೊತ್ತು. ಒಂದು ಮೂಲೆಯಲ್ಲಿ ಚಕ್ಕೆ ಎದ್ದಿತ್ತು, ಉಗುರಲ್ಲಿ ಕೆರೆದೆ. ಬಿಳಿ, ಅದರ ಕೆಳಗೆ ಕ್ರೀಮು, ಆಮೇಲೆ ಆಸ್ಪತ್ರೆ ಹಸಿರು, ಅದರಡಿ ನೀಲಿ, ಕೊನೆಗೆ ಕಾವಿ ಬಣ್ಣ. ಆ ನೀಲಿ ಅಮ್ಮನ ಮದುವೆ ಫೋಟೋದಲ್ಲಿರುವ ಕಿಟಕಿಯದ್ದಂತೆ. ಫೋಟೋ ಕಪ್ಪುಬಿಳುಪು, ಆದರೂ ಅಮ್ಮ ಹೇಳಿದ ಮೇಲೆ ಮುಗಿಯಿತು.

ತಮ್ಮ ಎಲ್ಲ ಕಿತ್ತು ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿ ಹಾಕಿಸೋಣ ಅಂತಿದ್ದಾನೆ. ನೋಡಲು ಬಂದ ಕಂಟ್ರಾಕ್ಟರ್ ಕೂಡ ಅದನ್ನೇ ಹೇಳಿದರು. ಜತೆಗೆ, "ಹಳೇ ಮರದ ಚಿಂತೆ ಬಿಡಿ ಮೇಡಂ, ನಾವೇ ಸಾಗಿಸ್ತೀವಿ, ನಿಮಗೆ ಖರ್ಚಿಲ್ಲ" ಅಂದರು. ಇವನ್ನು ಉಳಿಸಬಹುದಾ? ಎಲ್ಲಿಂದ ಶುರು ಮಾಡಲಿ?

ಬಡಗಿ_ಮನೆಯವನು:
ಮೇಡಂ, ಪುಕ್ಕಟೆ ಸಾಗಿಸ್ತೀನಿ ಅಂದರಲ್ಲ, ಅಲ್ಲೇ ನಿಮ್ಮ ಉತ್ತರ ಇದೆ. ಕೆಟ್ಟ ಮರವನ್ನು ಯಾರೂ ಸುಮ್ನೆ ಹೊತ್ತುಕೊಂಡು ಹೋಗುವುದಿಲ್ಲ. ನಿಧಾನವಾಗಿ ಬೆಳೆದ ಹಳೇ ತೇಗ ಅದು. ಈಗ ಅಂಗಡಿಯಲ್ಲಿ ಸಿಗುವ ಎಳೇ ಮರದ ಜತೆ ಹೋಲಿಸಲೇಬೇಡಿ.

ಬುಡ ಕೊಳೆತಿದ್ದರೆ ಇಡೀ ಚೌಕಟ್ಟು ಕೀಳಬೇಕಿಲ್ಲ. ಮೆತ್ತಗಿರುವುದನ್ನು ಕಡಿದು, ಗಟ್ಟಿ ಮರ ಸಿಗುವವರೆಗೆ ಹೋಗಬೇಕು. ಅಲ್ಲಿ ನೇರವಾಗಿ ಕೊಯ್ಯದೆ ಓರೆಯಾಗಿ ಕೊಯ್ದು, ಹಳೇ ತೇಗದ ತುಂಡನ್ನೇ ಎಳೆ ನೋಡಿ ಕೂರಿಸಿ, ಅಂಟು ಹಾಕಿ ಮರದ ಗೂಟ ಹೊಡೆಯಬೇಕು. ಓರೆ ಯಾಕೆ ಅಂದರೆ ಅಂಟು ಹಿಡಿಯೋಕೆ ಜಾಗ ಜಾಸ್ತಿ ಸಿಗುತ್ತದೆ, ನೀರೂ ನಿಲ್ಲದೆ ಜಾರುತ್ತದೆ. ಆದರೆ ಓರೆ ಹೊರಗಡೆಗೆ ಇಳಿಯಬೇಕು, ಮರೆಯಬೇಡಿ. ಒಡೆದ ಮನೆಗಳ ಬಾಗಿಲು ಕಿಟಕಿ ಮಾರುವ ಅಂಗಡಿಗಳಲ್ಲಿ ಹಳೇ ತುಂಡು ಸಿಗುತ್ತದೆ.

ಇನ್ನೊಂದು ಮಾತು. ಮಳೆಗಾಲದಲ್ಲಿ ಉಜ್ಜುಗೊರಡು ಮುಟ್ಟಬೇಡಿ! ಮರ ತೇವ ಕುಡಿದು ಅಡ್ಡಕ್ಕೆ ಉಬ್ಬಿರುತ್ತದೆ. ಆಗ ಹೆರೆದರೆ ಬೇಸಿಗೆಯಲ್ಲಿ ಸಂದಿ ಬಿಡುತ್ತದೆ. ನಿಮ್ಮ ಅಮ್ಮ ಸಿಕ್ಕಿಸುವ ಪೇಪರಿಗೂ ಯಾರೋ ಹಾಗೆ ಹೆರೆದದ್ದೇ ಕಾರಣ ಇರಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಮಾಡಿಸಿ. ಸುಮಾರು ಸಲ ಮರ ತೆಗೆಯಲೇಬೇಕಿಲ್ಲ, ಅಂಚಿನ ಪೇಂಟ್ ತೆಗೆದರೇ ಸಾಕು.

ಸುಣ್ಣ_ಗಾರೆ:
ಕೆರೆಯುವ ಮುಂಚೆ ಒಂದು ನಿಮಿಷ. ಅಷ್ಟು ಹಳೇ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ನಮ್ಮ ದೇಶದಲ್ಲಿ ಮನೆ ಪೇಂಟಿನಲ್ಲಿರುವ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ಮಿತಿ ಜಾರಿಗೆ ಬಂದದ್ದೇ 2017ರಲ್ಲಿ. ಹಾಗಾಗಿ ಒಣ ಉಪ್ಪುಕಾಗದ ಹಾಕಿ ಉಜ್ಜಬೇಡಿ, ಬೆಂಕಿ ತೋರಿಸಿ ಸುಡಬೇಡಿ. ನೀರು ಚಿಮುಕಿಸಿ ಒದ್ದೆ ಮಾಡಿಕೊಂಡು ಕೆರೆಯಿರಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಸರಿಯಾದ ಮಾಸ್ಕ್ ಹಾಕಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಕೋಣೆಗೆ ಬಿಡಲೇಬೇಡಿ.

ಗಾಜು ಹಳೇದಾ? ಹೊರಗಿನ ಮರ ಅದರಲ್ಲಿ ಸ್ವಲ್ಪ ಅಲೆಅಲೆಯಾಗಿ ಕಂಡರೆ ದಯವಿಟ್ಟು ಎಸೆಯಬೇಡಿ. ಪುಟ್ಟಿ ಮಾತ್ರ ಹೊಸದು ಹಾಕಿ. ಚಾಕ್ ಪುಡಿಗೆ ಅಗಸೆ ಎಣ್ಣೆ ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದಿದರೆ ಆಯಿತು. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳುತ್ತದೆ. ತಮಾಷೆ ಅಲ್ಲ. ಬಿಡಿಸಿ ಹೊರಗೆ ಒಣಹಾಕಿ.

ಮತ್ತೆ, ಚೌಕಟ್ಟಿನ ಬುಡ ಮಾತ್ರ ಯಾಕೆ ಕೊಳೆಯಿತು ಅಂತ ಮೊದಲು ಹುಡುಕಿ. ಕಿಟಕಿ ಕೆಳಗಿನ ಕಟ್ಟೆಗೆ ಯಾರಾದರೂ ಸಿಮೆಂಟ್ ಬಳಿದಿದ್ದಾರಾ?

ಹದಿನಾಲ್ಕು_ಕಿಟಕಿ:
ಸುಣ್ಣ ಗಾರೆಯವರೇ, ನೀವೇನು ನಮ್ಮ ಮನೆಗೆ ಬಂದು ನೋಡಿದ್ದೀರಾ?

ನಿಮ್ಮ ಮಾತು ಓದಿ ಹೋಗಿ ನೋಡಿದೆ. ಹತ್ತು ವರ್ಷದ ಹಿಂದೆ ಪೇಂಟ್ ಮಾಡಿಸಿದಾಗ ಬಿರುಕು ಮುಚ್ಚುತ್ತೇವೆ ಅಂತ ಕಟ್ಟೆಗೆ ಸಿಮೆಂಟ್ ಮೆತ್ತಿದ್ದಾರೆ. ಒಂದು ಚೊಂಬು ನೀರು ಸುರಿದೆ. ಬೀದಿ ಕಡೆ ಹರಿಯಬೇಕಾದ ನೀರು ನೆಟ್ಟಗೆ ಚೌಕಟ್ಟಿನ ಕಾಲಿಗೆ ಬಂದು ನಿಂತಿತು. ಐದು ನಿಮಿಷ ಆದರೂ ಅಲ್ಲೇ ಇತ್ತು. ತಮ್ಮನನ್ನು ಕರೆದು ತೋರಿಸಿದೆ. "ಹಾಗಾದ್ರೆ ತಪ್ಪು ಮರದ್ದಲ್ಲ ಅನ್ನು ಅಕ್ಕ" ಅಂದ. ಅಷ್ಟು ಒಪ್ಪಿದ್ದೇ ದೊಡ್ಡದು.

ಸುಣ್ಣ_ಗಾರೆ:
ಆ ಕಾಲದ ಮನೆ ಅಂದರೆ ಗೋಡೆ ಸುಣ್ಣದ ಗಾರೆಯದೇ ಇರಬೇಕು, ಅದಕ್ಕೇ ಕೇಳಿದೆ. ಸುಣ್ಣ ತೇವ ಕುಡಿದು ಮತ್ತೆ ಬಿಡುತ್ತದೆ. ಮೇಲೆ ಸಿಮೆಂಟ್ ಮುಚ್ಚಿದರೆ ತೇವಕ್ಕೆ ದಾರಿ ಇಲ್ಲ, ಮರದ ಕಡೆಗೇ ತಿರುಗುತ್ತದೆ. ಸಿಮೆಂಟ್ ಒಡೆಸಿ, ಸುಣ್ಣದಲ್ಲೇ ಹೊರಗಡೆಗೆ ಇಳಿಜಾರು ಕೊಡಿಸಿ. ಅದು ಒಣಗಿದ ಮೇಲೆ ಬಡಗಿ ಬರಲಿ. ಉಲ್ಟಾ ಮಾಡಿಸಬೇಡಿ.

ಹದಿನಾಲ್ಕು_ಕಿಟಕಿ:
ಸರಿ. ಮೊದಲು ಹಿತ್ತಲ ಕಡೆಯ ಒಂದೇ ಕಿಟಕಿಯಲ್ಲಿ ಕೈ ಪಳಗಿಸಿಕೊಳ್ಳುತ್ತೇನೆ. ಅದು ಕೆಟ್ಟರೂ ಬೀದಿಯವರಿಗೆ ಕಾಣುವುದಿಲ್ಲ. ನಿನ್ನೆ ಅದರ ಚಿಲಕ ಬಿಚ್ಚಿ ಹುಣಸೆಹಣ್ಣು ಹಾಕಿ ಉಜ್ಜಿದೆ. ಇಷ್ಟು ದಿನ ಕಬ್ಬಿಣ ಅಂದುಕೊಂಡಿದ್ದೆ, ಹಿತ್ತಾಳೆ! ಮಂಕಿ ಟಾಪ್ ಪಟ್ಟಿಗಳ ಬಗ್ಗೆ ಫೋಟೋ ಹಾಕಿ ಆಮೇಲೆ ಕೇಳುತ್ತೇನೆ. ಅಲ್ಲಿ ಪಾರಿವಾಳ ಮೊಟ್ಟೆ ಇಟ್ಟಿದೆ, ಮರಿ ಹಾರುವವರೆಗೆ ಮುಟ್ಟಬಾರದು ಅಂತ ಅಮ್ಮನ ಆರ್ಡರ್.