ಗಣಿತದ ಭಯ ಇದ್ದರೂ ಕ್ರಿಪ್ಟೋಗ್ರಫಿ ಕಲಿಯಬಹುದಾ?

ಕೇಳಿದವರು: ಬಿಸಿಎ ಮುಗಿಸಿ ಐಟಿ ಸಪೋರ್ಟ್ ಕೆಲಸದಲ್ಲಿದ್ದೇನೆ. ಸೈಬರ್ ಸೆಕ್ಯುರಿಟಿ ಕಡೆ ಹೋಗುವ ಆಸೆ. ಪೈಥಾನ್ ಸ್ವಲ್ಪ ಬರುತ್ತದೆ. ಮಾಹಿತಿಯನ್ನು ಗುಟ್ಟಾಗಿ, ಸುರಕ್ಷಿತವಾಗಿ ಇಡುವ ಕ್ರಿಪ್ಟೋಗ್ರಫಿ ಅಂದರೆ ಮಾತ್ರ ಕೈಕಾಲೇ ಆಡುವುದಿಲ್ಲ. ಎಲ್ಲಿಂದ ಶುರು ಮಾಡಲಿ? ಗಣಿತ ಎಷ್ಟು ಬೇಕು? ಕಲಿತವರು ದಯವಿಟ್ಟು ಹೇಳಿ.

ಪೆನ್‌ಟೆಸ್ಟಿಂಗ್ (ಅನುಮತಿ ಪಡೆದು ಸಿಸ್ಟಂಗೆ ನುಗ್ಗಿ ದೋಷ ಹುಡುಕುವ ಕೆಲಸ) ಮಾಡುವವರೊಬ್ಬರು: ಎಇಎಸ್ (ಗುಟ್ಟಿನ ಕೀ ಬಳಸಿ ಮಾಹಿತಿಯನ್ನು ಎನ್‌ಕ್ರಿಪ್ಟ್ ಮಾಡುವ, ಅಂದರೆ ಓದಲಾಗದ ರೂಪಕ್ಕೆ ತಿರುಗಿಸುವ ವಿಧಾನ) ಒಳಗೆ ಏನು ನಡೆಯುತ್ತದೆ ಅನ್ನುವುದರಿಂದ ಶುರು ಮಾಡಬೇಡಿ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಅದನ್ನು ಸ್ಟ್ಯಾಂಡರ್ಡ್ ಮಾಡಿದ್ದು 2001ರಲ್ಲಿ. ಇವತ್ತಿಗೂ ಅದು ಗಟ್ಟಿಯಾಗಿ ನಿಂತಿದೆ. ನನ್ನ ಕೆಲಸದಲ್ಲಿ ಸಿಗುವ ತೊಂದರೆಗಳು ಹೆಚ್ಚಾಗಿ ಅದನ್ನು ಬಳಸಿದ ರೀತಿಯಲ್ಲೇ ಇರುತ್ತವೆ.

2013ರಲ್ಲಿ ಅಡೋಬಿ ಬಳಕೆದಾರರ ಪಾಸ್‌ವರ್ಡ್ ಪಟ್ಟಿ ಸೋರಿಹೋಯಿತು. ಪಾಸ್‌ವರ್ಡ್‌ಗಳನ್ನು ಹ್ಯಾಶ್ ಮಾಡಿರಲಿಲ್ಲ, ಅಂದರೆ ಹಿಂದಕ್ಕೆ ತಿರುಗಿಸಲಾಗದ ಹಾಗೆ ಬದಲಿಸಿರಲಿಲ್ಲ. ಟ್ರಿಪಲ್ ಡೆಸ್ ಅನ್ನುವ ಹಳೆಯ ವಿಧಾನ ಬಳಸಿ, ಮಾಹಿತಿಯ ಪ್ರತಿ ತುಂಡನ್ನೂ ಪ್ರತ್ಯೇಕವಾಗಿ ತೆಗೆದುಕೊಳ್ಳುವ ಇಸಿಬಿ ಮೋಡ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿದ್ದರು. ಈ ಮೋಡ್‌ನಲ್ಲಿ ಕೀ ಬದಲಾಗದಿದ್ದರೆ ಒಂದೇ ಮಾಹಿತಿಗೆ ಪ್ರತಿ ಸಲವೂ ಒಂದೇ ಉತ್ತರ ಬರುತ್ತದೆ. ಹಾಗಾಗಿ ಒಂದೇ ಪಾಸ್‌ವರ್ಡ್ ಇಟ್ಟವರೆಲ್ಲ ಪಟ್ಟಿಯಲ್ಲಿ ಗುಂಪಾಗಿ ಕಾಣಿಸಿದರು. ಪಾಸ್‌ವರ್ಡ್ ನೆನಪಿಸುವ ಸುಳಿವುಗಳಂತೂ ಪಕ್ಕದಲ್ಲೇ ತೆರೆದಿದ್ದವು. ಗುಂಪಿನ ಒಬ್ಬರ ಸುಳಿವು ಸ್ಪಷ್ಟವಾಗಿದ್ದರೆ ಸಾಕು, ಎಲ್ಲರ ಪಾಸ್‌ವರ್ಡೂ ಗೊತ್ತಾದ ಹಾಗೆ. ಕೀ ಹುಡುಕುವ ಕೆಲಸವೇ ಇಲ್ಲ ಅಲ್ವಾ?

ಇದನ್ನು ನೀವೇ ಮಾಡಿ ನೋಡಿ. 16 ಬೈಟ್‌ನ ಒಂದು ಸಾಲನ್ನು ಎರಡು ಸಲ ಬರೆದು ಎಇಎಸ್‌ನ ಇಸಿಬಿ ಮೋಡ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿ. ಫಲಿತಾಂಶದಲ್ಲೂ ಅದೇ ತುಂಡು ಎರಡು ಸಲ ಬರುತ್ತದೆ. ಆಮೇಲೆ, ಯಾರಾದರೂ ತಿದ್ದಿದ್ದರೆ ಪತ್ತೆ ಹಚ್ಚುವ ಜಿಸಿಎಂ ಮೋಡ್‌ನಲ್ಲಿ ಮಾಡಿ. ತುಂಡುಗಳು ಬೇರೆ ಬೇರೆಯಾಗುತ್ತವೆ. ಎನ್‌ಕ್ರಿಪ್ಟ್ ಆದದ್ದರಲ್ಲಿ ಒಂದು ಬೈಟ್ ಬದಲಿಸಿ ಡಿಕ್ರಿಪ್ಟ್ ಮಾಡಲು ಹೋದರೆ ಎರರ್ ಬರುತ್ತದೆ. ಗುಟ್ಟಾಗಿಡುವುದು ಬೇರೆ, ಯಾರೂ ತಿದ್ದಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು ಬೇರೆ. ಕ್ರಿಪ್ಟೋಪಾಲ್ಸ್ ಅಂತ ಉಚಿತ ಸವಾಲುಗಳಿವೆ. ಮೊದಲ ಸೆಟ್, ಮಾಹಿತಿಯನ್ನು ಅಕ್ಷರ-ಅಂಕಿಗಳಲ್ಲಿ ಬರೆಯುವ ಬೇಸ್64ರಿಂದ ಶುರುವಾಗಿ, ಇಸಿಬಿ ಪತ್ತೆ ಹಚ್ಚುವಲ್ಲಿ ಮುಗಿಯುತ್ತದೆ. ಉತ್ತರ ನೋಡದೆ ಮಾಡಿ. ತಡವಾದರೂ ಪರವಾಗಿಲ್ಲ.

ಕಾಲೇಜಿನಲ್ಲಿ ಪಾಠ ಮಾಡುವವರು: ಮೇಲಿನ ಮಾತು ಒಪ್ಪುತ್ತೇನೆ. ಆದರೆ ಗಣಿತವನ್ನು ಪೂರ್ತಿ ಬಿಡಬೇಡಿ. ಎಕ್ಸಾರ್ (ಎರಡು ಬಿಟ್ ಬೇರೆ ಬೇರೆಯಾದರೆ 1, ಒಂದೇ ಆದರೆ 0), ಮತ್ತೆ ಭಾಗಿಸಿದಾಗ ಉಳಿಯುವ ಶೇಷ, ಇವೆರಡು ಶುರುವಿಗೆ ಸಾಕು. ಇಬ್ಬರು ಎಲ್ಲರೆದುರೇ ಮಾತಾಡಿಯೂ ಒಂದೇ ಗುಟ್ಟಿನ ಸಂಖ್ಯೆಗೆ ಬರುವ 1976ರ ಡಿಫಿ-ಹೆಲ್ಮನ್ ವಿಧಾನವನ್ನು ನಾನು ಬೋರ್ಡ್ ಮೇಲೆ ಸಣ್ಣ ಸಂಖ್ಯೆಗಳಲ್ಲೇ ಮಾಡಿಸುತ್ತೇನೆ. 5 ಮತ್ತು 23 ಎಲ್ಲರಿಗೂ ಗೊತ್ತು. ನಿಮ್ಮ ಗುಟ್ಟು 6, ನನ್ನ ಗುಟ್ಟು 7. ಆರು 5ಗಳನ್ನು ಗುಣಿಸಿ 23ರಿಂದ ಭಾಗಿಸಿದರೆ ಶೇಷ 8, ಅದನ್ನು ನೀವು ನನಗೆ ಕಳಿಸುತ್ತೀರಿ. ಏಳು 5ಗಳಿಗೆ ಶೇಷ 17, ಅದನ್ನು ನಾನು ಕಳಿಸುತ್ತೇನೆ. ಈಗ ನೀವು ಆರು 17ಗಳನ್ನು, ನಾನು ಏಳು 8ಗಳನ್ನು ಗುಣಿಸಿ ಶೇಷ ತೆಗೆದರೆ ಇಬ್ಬರಿಗೂ 12 ಸಿಗುತ್ತದೆ. ಆ 12 ತಂತಿಯ ಮೇಲೆ ಹೋಗಲೇ ಇಲ್ಲ! ನಿಜವಾದ ಬಳಕೆಯಲ್ಲಿ ಸಂಖ್ಯೆಗಳು ತುಂಬಾ ದೊಡ್ಡವು, ಹಾಗಾಗಿ ಕದ್ದು ಕೇಳಿದವರು ಲೆಕ್ಕವನ್ನು ಹಿಂದಕ್ಕೆ ಬಿಡಿಸಲಾರರು.

ಆದರೆ ಆ ಕಡೆ ಇರುವುದು ನಾನೇ ಅಂತ ನಿಮಗೆ ಹೇಗೆ ಗೊತ್ತು? ಮಧ್ಯೆ ಯಾರೋ ಕೂತು ಇಬ್ಬರ ಜೊತೆಗೂ ಬೇರೆ ಬೇರೆ ಗುಟ್ಟು ಮಾಡಿಕೊಂಡಿರಬಹುದು. ಡಿಜಿಟಲ್ ಸಹಿ, ಸರ್ಟಿಫಿಕೇಟ್ ಬೇಕಾಗುವುದು ಇಲ್ಲೇ. ಈ ಪ್ರಶ್ನೆ ಮನಸ್ಸಿಗೆ ಬಂದ ಮೇಲೆ, ಬ್ರೌಸರ್ ಮತ್ತು ವೆಬ್‌ಸೈಟ್ ನಡುವಿನ ಮಾತನ್ನು ಕಾಪಾಡುವ ಟಿಎಲ್‌ಎಸ್ ಓದಿ, ಸುಲಭವಾಗಿ ಹತ್ತುತ್ತದೆ.

ವೆಬ್ ಡೆವಲಪರ್ ಒಬ್ಬರು: ಇಂಟರ್‌ವ್ಯೂನಲ್ಲಿ ಪಾಸ್‌ವರ್ಡ್ ಬಗ್ಗೆ ಕೇಳಿಯೇ ಕೇಳುತ್ತಾರೆ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದ್ದು ಸಾಲ್ಟ್ (ಪ್ರತಿ ಪಾಸ್‌ವರ್ಡ್‌ಗೂ ಸೇರಿಸುವ ಬೇರೆ ಬೇರೆ ತುಣುಕು) ಇಲ್ಲದ ಶಾ-1 ಹ್ಯಾಶ್‌ಗಳು. ಶಾ-256 ಬಳಸಿದರೂ ಅದು ಜಾಸ್ತಿ ವೇಗದ್ದು, ಊಹೆ ಮಾಡುವವರಿಗೇ ಅನುಕೂಲ. ಬೇಕಂತಲೇ ನಿಧಾನ ಮಾಡಿರುವ ಬಿಕ್ರಿಪ್ಟ್, ಆರ್ಗಾನ್2 ಯಾಕೆ ಬೇಕು ಅಂತ ವಿವರಿಸಲು ಕಲಿತುಕೊಳ್ಳಿ.

ಸರ್ವರ್ ನೋಡಿಕೊಳ್ಳುವವರು: ರ್‍ಯಾಂಡಮ್ ಸಂಖ್ಯೆಗಳ ಬಗ್ಗೆ ಯಾರೂ ಹೇಳಲಿಲ್ಲ. ಡೆಬಿಯನ್ ಲಿನಕ್ಸ್‌ನಲ್ಲಿ ಕೀ ಮಾಡಲು ಬಳಸುವ ಓಪನ್‌ಎಸ್‌ಎಸ್‌ಎಲ್ ಸಾಫ್ಟ್‌ವೇರ್‌ನಲ್ಲಿ ಕೋಡ್‌ನ ಒಂದು ಸಣ್ಣ ಬದಲಾವಣೆಯಿಂದ, ಕೀ ಹುಟ್ಟುವಾಗ ಬದಲಾಗುವುದು ಪ್ರೊಸೆಸ್ ಐಡಿ (ಓಡುತ್ತಿರುವ ಪ್ರೋಗ್ರಾಂಗೆ ಸಿಸ್ಟಂ ಕೊಡುವ ಸಂಖ್ಯೆ) ಮಾತ್ರ ಅನ್ನುವ ಹಾಗಾಗಿತ್ತು. ಗೊತ್ತಾಗಿದ್ದು 2008ರಲ್ಲಿ. ಕೀ ಎಷ್ಟೇ ಉದ್ದ ಇದ್ದರೂ, ಒಂದು ಬಗೆಯ ಕೀಗೆ ಸುಮಾರು 32,768 ಸಾಧ್ಯತೆಗಳು ಅಷ್ಟೇ. ಎಲ್ಲವನ್ನೂ ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳಬಹುದಿತ್ತು. ನೀವು ಪೈಥಾನ್‌ನಲ್ಲಿ ಟೋಕನ್ ಅಥವಾ ಕೀ ಮಾಡುವಾಗ ರ್‍ಯಾಂಡಮ್ ಮಾಡ್ಯೂಲ್ ಬೇಡ, ಸೀಕ್ರೆಟ್ಸ್ ಮಾಡ್ಯೂಲ್ ಬಳಸಿ. ಮೊದಲ ದಿನದಿಂದಲೇ ಅದು ರೂಢಿಯಾಗಲಿ.